ಮೂರನೇ ಸಾಲಿನಲ್ಲಿ ಕೂತವರು ಯಾರು?

"ಹತ್ತಿರ ಬನ್ನಿ ಡಾಕ್ಟ್ರೇ. ಗೊಂಬೆ ಕಚ್ಚಲ್ಲ."

ಡಾಕ್ಟರ್ ತುಮಾಸಿ ಬಾಗಿಲ ಬಳಿಯಿಂದ ಕದಲಲಿಲ್ಲ. ಕಾರಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಗಿರಗಿರನೆ ತಿರುಗಿಸುತ್ತಿದ್ದರು. ಕುಮಾಸಿ ಊರಿನ ಯಾವ ಆಪರೇಷನ್ ಥಿಯೇಟರಿನಲ್ಲೂ ಅವರ ಹೆಸರು ಕೇಳದವರಿಲ್ಲ. ಕತ್ತರಿ ಬೀಳುವ ಮೊದಲು ರೋಗಿಯನ್ನು ನಿದ್ದೆಗೆ ದೂಡುವ ಅರಿವಳಿಕೆ ತಜ್ಞ. ಮಂತ್ರಿಗಳನ್ನೂ ಮುಖಂಡರನ್ನೂ ಮಲಗಿಸಿ ಎಬ್ಬಿಸಿದ ಕೈ ಅದು.

"ಥಿಯೇಟರಿನಲ್ಲಿ ರೋಗಿ ಕಾಯ್ತಿದ್ದಾನೆ. ನನ್ನನ್ನ ಇಲ್ಲಿ ಗೊಂಬೆ ಆಡ್ಸೋಕೆ ಕರೆಸಿದ್ದೀಯಾ?"

"ನೀವು ಅಂತ ಮಾತಾಡಿಸಿ. ನಾನು ನಿಮ್ಮ ವಾರ್ಡಿನ ಹುಡುಗಿ ಅಲ್ಲ."

"ನನ್ನ ಮಗಳ ವಯಸ್ಸು ನಿಂಗೆ."

"ನಿಮ್ಮ ಮಗಳು ನಿಮ್ಮನ್ನ ಕೊಲೆ ಕೇಸಿನಲ್ಲಿ ವಿಚಾರಿಸಲ್ಲ. ಬನ್ನಿ."

ಇನ್ಸ್‌ಪೆಕ್ಟರ್ ಪೊಕುವಾ ಮೇಜಿನ ಮೇಲಿನ ಬಟ್ಟೆ ಸರಿಸಿದಳು. ತಲೆಯಿಂದ ಎದೆಯವರೆಗಿನ ಪ್ಲಾಸ್ಟಿಕ್ ಗೊಂಬೆ. ಬಾಯಿ ತೆರೆದಿತ್ತು. ಕತ್ತಿನ ಮೇಲೆ ರಬ್ಬರಿನ ಚರ್ಮ.

ಹೋದ ಶನಿವಾರ ಇದೇ ಓಡುಂ ಹಿಲ್ ಆಸ್ಪತ್ರೆಯ ಸಭಾಂಗಣದಲ್ಲಿ ತಜ್ಞ ವೈದ್ಯರಿಗೆ ಪಾಠ ಹೇಳುತ್ತಿದ್ದ ಪ್ರೊಫೆಸರ್ ಡೆಡೆ ಲಾರ್ಟೆ, ಊಟದ ಬಿಡುವಿನಲ್ಲಿ ಹಿಂದಿನ ಕೋಣೆಯಲ್ಲಿ ಕತ್ತು ಕೊಯ್ದ ಹೆಣವಾಗಿದ್ದರು. ಬಸ್ ನಿಲ್ದಾಣದಲ್ಲಿ ತೋಳಿಗೆ ರಕ್ತ ಮೆತ್ತಿಕೊಂಡು ಸಿಕ್ಕ ಕಿರಿಯ ವೈದ್ಯೆ ಎಸಿನಾಮ್ "ನಾನೇ ಕೊಯ್ದೆ" ಎಂದಷ್ಟೇ ಹೇಳಿ, ಆಮೇಲೆ ಲಾಕಪ್ಪಿನಲ್ಲಿ ತುಟಿ ಬಿಚ್ಚಿರಲಿಲ್ಲ.

"ಅವಳು ಒಪ್ಪಿಕೊಂಡಾಯ್ತಲ್ಲ," ಎಂದರು ತುಮಾಸಿ. "ಇನ್ನೂ ಏನು ಕೆದಕ್ತಿದ್ದೀಯಾ?"

"ಅವಳು ನಿಮ್ಮ ಕೈಕೆಳಗೇ ಕಲೀತಿರೋಳು ಅಲ್ವಾ?"

"ನನ್ನ ಕೈಕೆಳಗೆ ಬೇಕಾದಷ್ಟು ಜನ ಕಲೀತಾರೆ. ಅವರೆಲ್ಲ ಏನು ಮಾಡ್ತಾರೆ ಅಂತ ನಾನು ಕಾವಲು ಕಾಯೋಕಾಗುತ್ತಾ?"

"ಶನಿವಾರ ಅವಳು ಇಲ್ಲಿ ಯಾಕಿದ್ಲು?"

"ಅವಳನ್ನೇ ಕೇಳು."

"ಕೇಳಿದೆ. ನೀವು ಕಳಿಸಿದ ವಕೀಲರು ಬಾಯಿ ಬಿಡಬೇಡ ಅಂತ ಹೇಳಿ ಹೋಗಿದ್ದಾರೆ."

ಕೀಲಿ ತಿರುಗುವುದು ನಿಂತಿತು.

"ನನ್ನ ವಿದ್ಯಾರ್ಥಿನಿ. ಕೊಲೆಗಾರ್ತಿಯಾದ್ರೂ ವಕೀಲ ಬೇಡ್ವಾ?"

"ಬಹಳ ದೊಡ್ಡ ಮನಸ್ಸು," ಎಂದಳು ಪೊಕುವಾ. "ಇರಲಿ. ನೀವು ಎಲ್ಲಿ ಕೂತಿದ್ರಿ?"

"ಎಷ್ಟು ಸಲ ಹೇಳ್ಲಿ? ಮೂರನೇ ಸಾಲು. ಬೆಳಗಿನಿಂದ ಅಲ್ಲೇ. ಬಾಗಿಲಲ್ಲಿ ಕಾರ್ಡ್ ತೋರಿಸೋ ಯಂತ್ರ ಇದೆ, ಅದನ್ನೇ ಕೇಳು."

ಯಂತ್ರ ಹೌದೆಂದೇ ಹೇಳುತ್ತಿತ್ತು. ಉಳಿದ ವೈದ್ಯರೂ ಹೌದೆಂದಿದ್ದರು. ಒಬ್ಬರು ಕೂಡ ಬೇರೆ ಮಾತು ಆಡಿರಲಿಲ್ಲ. ಡಾಕ್ಟರು ಡಾಕ್ಟರನ್ನು ಬಿಟ್ಟುಕೊಡುವುದಿಲ್ಲವೆಂದು ಪೊಕುವಾಗೆ ಈ ಒಂದು ವಾರದಲ್ಲಿ ಚೆನ್ನಾಗಿ ಅರ್ಥವಾಗಿತ್ತು. ಬಂದವರಿಗೆಲ್ಲ ಒಂದೇ ಅವಸರ. ತಜ್ಞರು ವರ್ಷವರ್ಷವೂ ಹೊಸದನ್ನು ಕಲಿತು ಅಂಕ ಗಳಿಸಬೇಕು. ಅಂಕವಿಲ್ಲದಿದ್ದರೆ ಮರುವರ್ಷದ ಪರವಾನಗಿ ಇಲ್ಲ. ಪರವಾನಗಿ ಇಲ್ಲದಿದ್ದರೆ ಎಂಥ ಹೆಸರಾಂತ ಡಾಕ್ಟರೂ ರೋಗಿಯ ಮೈ ಮುಟ್ಟುವ ಹಾಗಿಲ್ಲ. ಬಹಳ ಕಡೆ ಇದು ಕಾರ್ಡ್ ತೋರಿಸಿ, ಅನ್ನ–ಕೋಳಿಯ ಪೊಟ್ಟಣ ತೆಗೆದುಕೊಂಡು, ಹಿಂಬಾಗಿಲಿನಿಂದ ಮನೆಗೆ ಹೋಗುವ ಸಂಗತಿಯಾಗಿತ್ತು.

ಪ್ರೊಫೆಸರ್ ಲಾರ್ಟೆ ಮಾತ್ರ ಆ ಆಟ ನಡೆಯಗೊಡಲಿಲ್ಲ. ಬೆಳಗಿನ ಪಾಠವನ್ನು ಕ್ಯಾಮೆರಾ ಹಿಡಿದಿತ್ತು. ಕ್ಯಾಮೆರಾ ತೋರಿಸುತ್ತಿದ್ದುದು ಅವರನ್ನೂ ಗೊಂಬೆಯನ್ನೂ ಮಾತ್ರ, ಕುರ್ಚಿಗಳನ್ನಲ್ಲ. ಪಾಠದ ಕೊನೆಗೆ ಕನ್ನಡಕ ತೆಗೆದು ಅವರು ಹೇಳಿದ ಮಾತು ಪೊಕುವಾಗೆ ಬಾಯಿಪಾಠವಾಗಿತ್ತು: "ಊಟ ಮಾಡಿ ಬನ್ನಿ. ಆಮೇಲೆ ಒಬ್ಬೊಬ್ಬರೇ ಈ ಗೊಂಬೆಯ ಮುಂದೆ ನಿಂತು ಮಾಡಿ ತೋರಿಸಿ. ಬರದವರಿಗೆ ಈ ವರ್ಷ ಅಂಕ ಇಲ್ಲ. ಸಿಟ್ಟು ಬಂದರೆ ನನ್ನ ಮೇಲೆ ಇರಲಿ."

ಊಟದ ನಂತರ ಆ ಪರೀಕ್ಷೆ ನಡೆಯಲೇ ಇಲ್ಲ.

"ಆ ಪರೀಕ್ಷೆ ಈಗ ನಡೆಯಲಿ," ಎಂದಳು ಪೊಕುವಾ. "ರೋಗಿಗೆ ಗಂಟಲು ಮುಚ್ಚಿದೆ. ಬಾಯಿಂದ ಗಾಳಿ ಹೋಗ್ತಿಲ್ಲ. ಏನು ಮಾಡ್ತೀರಿ?"

ತುಮಾಸಿ ನಕ್ಕರು. "ಪೊಲೀಸಮ್ಮ ನನಗೆ ಪರೀಕ್ಷೆ ಮಾಡ್ತಾಳಂತೆ."

"ಮಾಡೋಕೆ ಬರಲ್ವಾ?"

ಬಾಣ ನಾಟಿತು. ಅವರು ಕೀಲಿಯನ್ನು ಜೇಬಿಗೆ ಹಾಕಿ ಮೇಜಿನ ಬಳಿ ಬಂದರು. ತಟ್ಟೆಯಲ್ಲಿ ಬ್ಲೇಡು, ದಪ್ಪ ಸೂಜಿ, ಬಳುಕುವ ಉದ್ದ ಕಡ್ಡಿ, ಉಸಿರಿನ ಕೊಳವೆ ಎಲ್ಲ ಸಾಲಾಗಿದ್ದವು. ಅವರ ಕೈ ಯೋಚಿಸಲೇ ಇಲ್ಲ. ಸೂಜಿ ಎತ್ತಿಕೊಂಡರು. ಗೊಂಬೆಯ ಗಂಟಲಿನ ಗುಳಿಯನ್ನು ಬೆರಳಿನಿಂದ ಹುಡುಕಿ, ಒಂದೇ ಚುಚ್ಚು.

"ನೋಡ್ದೆಯಾ? ಗಾಳಿ ಹೋಗುತ್ತೆ. ನೀನು ಹುಟ್ಟೋ ಮುಂಚೆ ಕಲಿತಿದ್ದು ಇದು."

"ಅದೇ ತೊಂದರೆ," ಎಂದಳು ಪೊಕುವಾ.

"ಏನು ತೊಂದರೆ?"

"ಶನಿವಾರ ಬೆಳಗ್ಗೆ ಪ್ರೊಫೆಸರ್ ಹೇಳಿದ ಮೊದಲ ಮಾತೇ ಅದು. ಸೂಜಿ ಮರೆತುಬಿಡಿ, ಸೂಜಿ ಬಾಗುತ್ತೆ, ಮುಚ್ಚಿಕೊಳ್ಳುತ್ತೆ, ರೋಗಿ ಸಾಯ್ತಾನೆ. ಬ್ಲೇಡು ತಗೊಳ್ಳಿ. ಇಡೀ ಬೆಳಗಿನ ಪಾಠ ಇದೊಂದೇ. ಮೂರನೇ ಸಾಲಿನವರಿಗೆ ಕೇಳಿಸಲಿಲ್ವಾ?"

ತುಮಾಸಿಯ ಮುಖದ ಮೇಲಿನ ನಗೆ ಹಾಗೇ ಉಳಿದಿತ್ತು. ಕಣ್ಣು ಮಾತ್ರ ಬದಲಾಗಿತ್ತು.

"ಕೇಳಿಸ್ತು. ನಾನು ಒಪ್ಪಲ್ಲ. ನನ್ನ ಕೈಗೆ ಸೂಜಿ ಪಳಗಿದೆ."

"ಹಾಗಾದ್ರೆ ಬ್ಲೇಡಿನಲ್ಲಿ ಹೇಗೆ ಮಾಡೋದು ಅಂತ ತೋರಿಸಿ. ಒಪ್ಪದಿದ್ರೂ ನೋಡಿರ್ತೀರಲ್ಲ."

ಅವರು ಬ್ಲೇಡು ಮುಟ್ಟಲಿಲ್ಲ.

"ನೀವು ಇಲ್ಲಿರಲಿಲ್ಲ ಡಾಕ್ಟ್ರೇ."

"ನಾಲಿಗೆ ಬಿಗಿ ಹಿಡಿ."

"ನಿಮ್ಮ ಕಾರ್ಡ್ ಬಂದಿತ್ತು. ನೀವು ಬಂದಿರಲಿಲ್ಲ. ನಾನು ತೋರಿಸ್ತೀನಿ, ನೋಡಿ. ಆ ವಿಡಿಯೊನ ನಾನು ಕಣ್ಣು ಉರಿಯೋವರೆಗೂ ನೋಡಿದ್ದೀನಿ."

ಪೊಕುವಾ ಬ್ಲೇಡು ಎತ್ತಿಕೊಂಡಳು. ಎಡಗೈಯಿಂದ ಗೊಂಬೆಯ ಗಂಟಲು ಹಿಡಿದಳು. ಅಡ್ಡಡ್ಡಕ್ಕೆ ಒಂದು ಚುಚ್ಚು. ಬ್ಲೇಡನ್ನು ಹೊರಗೆ ತೆಗೆಯದೆ ಒಳಗೇ ತಿರುಗಿಸಿದಳು, ಅದರ ಹರಿತ ಅಂಚು ಗೊಂಬೆಯ ಎದೆಯ ಕಡೆ ಬರುವಂತೆ. ಆ ಸಂದಿಯಲ್ಲಿ ಕಡ್ಡಿ ಜಾರಿಸಬೇಕು, ಕಡ್ಡಿಯ ಮೇಲೆ ಕೊಳವೆ. ಅವಳ ಕಡ್ಡಿ ಒಳಗೆ ಹೋಗಲಿಲ್ಲ, ಕೈ ಹೊಸದು. ಬ್ಲೇಡು ಈಚೆಗೆ ಎಳೆದಳು.

ತುಮಾಸಿ ಚಪ್ಪಾಳೆ ತಟ್ಟಿದರು. "ರೋಗಿ ಸತ್ತ. ಅಂಕ ಇಲ್ಲ ನಿಂಗೆ."

ಪೊಕುವಾ ರಬ್ಬರಿನ ಮೇಲೆ ತಾನು ಮಾಡಿದ ಗಾಯವನ್ನೇ ನೋಡುತ್ತಿದ್ದಳು.

ಸಣ್ಣ ಅಡ್ಡ ಗೀರು. ಅದರ ಒಂದು ತುದಿಯಲ್ಲಿ ಕೆಳಮುಖವಾಗಿ ಮೂಡಿದ ಒಂದು ಮೂಲೆ.

ಫೋನ್ ತೆಗೆದು ಫೋಟೊ ಹುಡುಕಿದಳು. ಪ್ರೊಫೆಸರ್ ಲಾರ್ಟೆಯ ಕತ್ತು. ಅದೇ ಗೀರು, ಅದೇ ಜಾಗ, ಅದೇ ಮೂಲೆ.

ಶವಪರೀಕ್ಷೆ ಮಾಡಿದ್ದು ಪೊಲೀಸ್ ವೈದ್ಯ ಡಾಕ್ಟರ್ ಬೆಕೋ. ಆ ಮೂಲೆಯನ್ನು ಬೆರಳಿಟ್ಟು ತೋರಿಸಿ ಅವರು ಹೇಳಿದ್ದರು: "ನೋಡಮ್ಮಾ, ಚುಚ್ಚಿದ ಮೇಲೆ ಚಾಕು ತಿರುಚಿದ್ದಾರೆ. ಎಷ್ಟು ದ್ವೇಷ ಇರಬೇಕು!" ಆ ಒಂದು ಮಾತಿನ ಮೇಲೆ ಕೇಸು ನಿಂತಿತ್ತು. ಆ ಮಾತು ನಂಬಿಯೇ ಅವಳು ಎಸಿನಾಮ್‌ಳ ಮುಖಕ್ಕೆ ಮುಖ ಕೊಟ್ಟು ಕೂಗಾಡಿದ್ದಳು.

"ಇದು ದ್ವೇಷ ಅಲ್ಲ," ಎಂದಳು ಮೆಲ್ಲಗೆ. "ಇದು ಪಾಠ."

"ಏನು ಗೊಣಗ್ತಿದ್ದೀಯಾ?"

ಅವಳು ಫೋನನ್ನು ಅವರ ಮೂಗಿನ ಮುಂದೆ ಹಿಡಿದಳು. "ಕೊಲ್ಲೋರು ಹೀಗೆ ಕೊಯ್ತಾರಾ ಡಾಕ್ಟ್ರೇ? ಇಷ್ಟು ಚಿಕ್ಕದಾಗಿ? ಸರಿಯಾಗಿ ಇದೇ ಗುಳಿಯಲ್ಲಿ? ಪ್ರೊಫೆಸರಿಗೆ ಗಂಟಲು ಮುಚ್ಚಿತ್ತು. ಆ ಹುಡುಗಿ ಬೆಳಗ್ಗೆ ಕಲಿತಿದ್ದನ್ನ ಮಧ್ಯಾಹ್ನ ಮಾಡಿದ್ಲು. ಕಲಿಸಿದೋರ ಮೇಲೇ ಮಾಡಿದ್ಲು."

ತುಮಾಸಿ ಫೋಟೊ ನೋಡಿದರು. ನೋಡದಂತೆ ಮುಖ ತಿರುಗಿಸಿದರು. ಪೊಕುವಾಗೆ ಅಷ್ಟು ಸಾಕಾಯಿತು.

"ನಿಮಗೆ ಗೊತ್ತಿತ್ತು."

"ನನಗೇನೂ ಗೊತ್ತಿಲ್ಲ."

"ಮೂರನೇ ಸಾಲಿನಲ್ಲಿ ನಿಮ್ಮ ಜಾಗದಲ್ಲಿ ಕೂತಿದ್ದು ಎಸಿನಾಮ್. ನಿಮ್ಮ ಕಾರ್ಡು ಅವಳ ಕೈಯಲ್ಲಿತ್ತು. ಅದಕ್ಕೇ ಅವಳು ಬಾಯಿ ಬಿಡ್ತಿಲ್ಲ. ಅದಕ್ಕೇ ವಕೀಲರು. ನೀವು ಎಲ್ಲಿದ್ರಿ?"

"ನನಗೆ ರೋಗಿ ಇದ್ದಾನೆ." ಅವರು ಬಾಗಿಲ ಕಡೆ ತಿರುಗಿದರು.

"ಆ ಬಾಗಿಲು ದಾಟಿದ್ರೆ ಬೇಡಿ ಹಾಕಿ ವಾರ್ಡಿನ ಮಧ್ಯದಿಂದ ನಡೆಸ್ಕೊಂಡು ಹೋಗ್ತೀನಿ. ನರ್ಸುಗಳು ನೋಡಲಿ. ಎಲ್ಲಿದ್ರಿ?"

ತುಮಾಸಿ ನಿಂತರು. ಬೆನ್ನು ತೋರಿಸಿಯೇ ಮಾತಾಡಿದರು.

"ಸಾವಿನ ಮನೆಯಲ್ಲಿ. ನನ್ನ ಹೆಂಡತಿಯ ಸೋದರಮಾವ. ಕಪ್ಪು ಬಟ್ಟೆ ಹೊದ್ದು ಮುಂದಿನ ಕುರ್ಚಿಯಲ್ಲಿ ಕೂತಿದ್ದೆ. ಸಾಕಾ? ಶನಿವಾರ ಅಂದ್ರೆ ಈ ಊರಲ್ಲಿ ಸಾವಿಗೆ ಹೋಗ್ತಾರೆ, ಶಾಲೆಗಲ್ಲ. ನಾನು ಹೋಗದಿದ್ರೆ ಆ ಮನೆಯವರು ಜನ್ಮದಲ್ಲಿ ಮುಖ ನೋಡಲ್ಲ."

"ಅದಕ್ಕೆ ಹುಡುಗೀನ ಕಳಿಸಿದ್ರಿ."

"ಎಲ್ಲರೂ ಕಳಿಸ್ತಾರೆ!" ಅವರು ಗರ್ರನೆ ತಿರುಗಿದರು. "ಈ ಜಿಲ್ಲೆಯಲ್ಲಿ ನನ್ನ ಕೆಲಸ ಬಲ್ಲವರು ಎಷ್ಟು ಜನ ಇದ್ದಾರೆ ಗೊತ್ತಾ ನಿಂಗೆ? ನಾನು ಒಂದು ದಿನ ಪಾಠಕ್ಕೆ ಕೂತರೆ ಒಂದು ದಿನದ ಆಪರೇಷನ್ ಎಲ್ಲ ನಿಲ್ಲುತ್ತೆ. ಹೊಟ್ಟೆ ಕೊಯ್ಯಬೇಕಾದ ಬಸುರಿ ಹೆಂಗಸಿಗೆ ಹೋಗಿ ಹೇಳು, ಡಾಕ್ಟರು ಗೊಂಬೆ ಜೊತೆ ಆಡ್ತಿದ್ದಾರೆ, ಸೋಮವಾರ ಬಾ ಅಂತ! ರಾಜಧಾನಿ ಅಕ್ರಾದಲ್ಲಿ ತಣ್ಣಗೆ ಕೂತು ನಿಯಮ ಬರೆದವರಿಗೆ ಇದು ಗೊತ್ತಾ?"

ಅದರಲ್ಲಿ ಸುಳ್ಳಿರಲಿಲ್ಲ. ಪೊಕುವಾಳ ಅಕ್ಕನ ಹೆರಿಗೆಯಲ್ಲಿ ರಾತ್ರಿಯೆಲ್ಲ ಅವಳ ತಲೆದೆಸೆಯಲ್ಲಿ ನಿಂತಿದ್ದವರು ಇದೇ ತುಮಾಸಿ. ಅದನ್ನು ಅವಳು ಅವರಿಗೆ ಹೇಳಲಿಲ್ಲ. ಇಂದಂತೂ ಹೇಳುವವಳಲ್ಲ.

"ಆದ್ರೆ ಶನಿವಾರ ನೀವು ಆಪರೇಷನ್ ಮಾಡ್ತಿರಲಿಲ್ವಲ್ಲ," ಎಂದಳು. "ಸಾವಿನ ಮನೆಯ ಜೊಲೋಫ್ ಅನ್ನ ತಿಂತಿದ್ರಿ."

ಅವರು ಜೇಬಿನಿಂದ ಮತ್ತೆ ಕೀಲಿ ತೆಗೆದರು.

"ಅವಳು ನಿಮಗೆ ಫೋನ್ ಮಾಡಿದ್ಲು. ಅವಳ ಫೋನಿನ ಕೊನೇ ಕರೆ ಹೋಗಿದ್ದು ನಿಮಗೇ. ಪಾಠದ ವಿಷಯ ಏನೋ ಕೇಳಿದ್ಲು ಅಂತ ನನಗೆ ಸುಳ್ಳು ಹೇಳಿದ್ರಿ. ಏನಂದ್ಲು?"

"ನೆನಪಿಲ್ಲ."

"ಅವಳಿಗೆ ನೇಣು ಆಗದಿರಬಹುದು. ಬದುಕಿಡೀ ಜೈಲು ಅಂತೂ ಗ್ಯಾರಂಟಿ. ಅವಳು ಇನ್ನೂ ಗುರುಗಳ ಹೆಸರು ಹೇಳಿಲ್ಲ. ನೀವು ಒಂದು ಸಲವೂ ಹೋಗಿ ಅವಳ ಮುಖ ನೋಡಿಲ್ಲ. ಏನಂದ್ಲು?"

ತುಮಾಸಿ ಮುಂದಿನ ಸಾಲಿನ ಕುರ್ಚಿಯೊಂದರಲ್ಲಿ ಕುಸಿದರು. ಮಾತು ಬಂದಾಗ ಅದರಲ್ಲಿ ಪಶ್ಚಾತ್ತಾಪವಿರಲಿಲ್ಲ, ರೇಗು ಇತ್ತು.

"ಎಲ್ಲರೂ ಅಂಗಳದ ಶಾಮಿಯಾನಾ ಕೆಳಗೆ ಊಟಕ್ಕೆ ಹೋಗಿದ್ರಂತೆ. ಹೆಸರಿನ ಬಿಲ್ಲೆ ಇದ್ದವರಿಗೆ ಮಾತ್ರ ಪೊಟ್ಟಣ. ಇವಳಿಗೆ ಬಿಲ್ಲೆ ಇಲ್ಲ, ಒಳಗೇ ಉಳಿದಿದ್ಲು. ಹಿಂದಿನ ಕೋಣೇಲಿ ಏನೋ ಬಿದ್ದ ಸದ್ದಾಯ್ತು. ಹೋಗಿ ನೋಡಿದ್ರೆ ಡೆಡೆ ಲಾರ್ಟೆ ನೆಲದ ಮೇಲೆ. ಮುಖ ಊದಿತ್ತಂತೆ. ತುಟಿ, ನಾಲಿಗೆ, ಗಂಟಲು ಎಲ್ಲ. ಮನೆಯಿಂದ ತಂದಿದ್ದ ಮೆಕ್ಕೆಜೋಳದ ಕೆಂಕೆ ಉಂಡೆ ಅರ್ಧ ತಿಂದಿದ್ಲು."

"ಊದಿದ್ದು ಯಾಕೆ?"

"ಅವಳಿಗೆ ಸೀಗಡಿ ಆಗಲ್ಲ. ಪುಡಿ ಸೋಕಿದ್ರೂ ಸಾಕು. ಈ ಊರಲ್ಲಿ ಸೀಗಡಿ ಪುಡಿ ಇಲ್ಲದ ಖಾರದ ಚಟ್ನಿ ಎಲ್ಲಿದೆ? ಅದಕ್ಕೇ ಮನೆ ಊಟ ತರ್ತಿದ್ಲು. ನಮ್ಮ ವೃತ್ತಿಯವರಿಗೆಲ್ಲ ಗೊತ್ತಿದ್ದದ್ದೇ. ಯಾರೋ ಬೆರೆಸಿದ್ದಾರೆ ಅಂದ್ಕೊಂಡೆ."

"ಅದಕ್ಕೆ ಸೂಜಿಮದ್ದು ಇರುತ್ತಲ್ಲ?"

"ಡೆಡೆಯ ಬ್ಯಾಗಿನಲ್ಲಿ ಸದಾ ಇರ್ತಿತ್ತು. ಅವತ್ತು ಇರಲಿಲ್ವಂತೆ. ತರಗತಿಯ ಮದ್ದಿನ ಸೀಸೆಗಳಲ್ಲಿ ಬರೀ ನೀರು. ಪಾಠಕ್ಕೆ ಇಟ್ಟದ್ದು. ವಾರ್ಡಿಗೆ ಓಡಿ ತರೋಷ್ಟು ಹೊತ್ತಿರಲಿಲ್ಲ." ಅವರು ಕಣ್ಣು ಮುಚ್ಚಿದರು. "ಹುಡುಗಿ ಅಳ್ತಿದ್ಲು. ಕೊಯ್ಯಲಾ ಸಾರ್, ಅಂದ್ಲು."

"ನೀವೇನಂದ್ರಿ?"

ತುಮಾಸಿ ಕೀಲಿಯನ್ನು ಮುಷ್ಟಿಯಲ್ಲಿ ಅದುಮಿಕೊಂಡರು.

"ಏನಂದ್ರಿ ಡಾಕ್ಟ್ರೇ?"

"ಮುಟ್ಟಬೇಡ, ಹೊರಗೆ ಬಾ ಅಂದೆ."

ತನ್ನ ಕೈಯಲ್ಲಿ ಇನ್ನೂ ಬ್ಲೇಡು ಇರುವುದನ್ನು ಕಂಡು ಪೊಕುವಾ ಅದನ್ನು ತಟ್ಟೆಗೆ ಹಾಕಿದಳು. ಈ ಸಿಟ್ಟಿನಲ್ಲಿ ಅದು ಕೈಗೆ ಹತ್ತಿರ ಇರುವುದು ಒಳ್ಳೆಯದಲ್ಲ ಅನ್ನಿಸಿತು.

"ಸಾಯ್ತಿದ್ದ ಹೆಂಗಸು. ನಿಮ್ಮ ಜೊತೆ ಓದಿದವರು."

"ಹುಡುಗಿ ಅಲ್ಲಿ ಸಿಕ್ಕಿಬಿದ್ರೆ ನನ್ನ ಕಾರ್ಡು ಸಿಕ್ಕಿಬೀಳ್ತಿತ್ತು! ನನ್ನ ಪರವಾನಗಿ ಹೋಗ್ತಿತ್ತು! ಯೋಚನೆ ಮಾಡೋಕೆ ಹೊತ್ತೆಲ್ಲಿತ್ತು?"

"ಅವಳಿಗಿತ್ತು."

"ಹೌದು!" ತುಮಾಸಿ ಕೂಗಿದರು. "ಹೌದು, ಅವಳು ನನ್ನ ಮಾತು ಕೇಳಲಿಲ್ಲ! ಕೊಯ್ದಳು. ಕಡ್ಡಿ ಹಾಕಿದಳು. ಕೊಳವೆ ಹಾಕಿದಳು. 'ಉಸಿರು ಬಂತು ಸಾರ್, ಉಸಿರು ಬಂತು' ಅಂತ ಕಿರುಚಿದ್ಲು. ನನ್ನ ಕಿವಿಯಾರೆ ಕೇಳಿದೆ."

ಪೊಕುವಾ ಅವರ ಕುರ್ಚಿಯ ಮುಂದೆ ಬಂದು ನಿಂತಳು.

"ಇನ್ನೊಂದ್ಸಲ ಹೇಳಿ."

"ಉಸಿರು ಬಂತು. ಡೆಡೆ ಬದುಕಿದ್ಲು."

"ಕೊಳವೆ ಹಾಕಿದ್ಲು ಅಂದ್ರಿ. ಹೆಣದ ಕತ್ತಿನಲ್ಲಿ ಕೊಳವೆ ಇರಲಿಲ್ಲ. ಕೋಣೆಯಲ್ಲೂ ಇರಲಿಲ್ಲ."

"ಅದು ನನಗೆ ಗೊತ್ತಿಲ್ಲ. ಆಗ ಅಲ್ಲಿಗೆ ಯಾರೋ ಬಂದ್ರು. ನೀನು ಹೋಗು ತಾಯಿ, ಇನ್ನು ನಾನು ನೋಡ್ಕೋತೀನಿ, ಅಂದ ದನಿ ಕೇಳಿಸ್ತು. ಬೆಕೋ. ಆತನೂ ಅಂಕಕ್ಕೆ ಬಂದಿದ್ದ. ಹೆಣ ಕೊಯ್ಯೋನಿಗೂ ಅಂಕ ಬೇಕಲ್ಲ. ಆತನಿಗೆ ಬಿಟ್ಟು ಹಿಂಬಾಗಿಲಿಂದ ಹೊರಡು ಅಂತ ನಾನೇ ಹೇಳಿದೆ. ಆಮೇಲೆ ಡೆಡೆ ಸತ್ತಳು ಅಂದಾಗ, ತನ್ನ ಕೊಯ್ತವೇ ತಪ್ಪಿತು ಅಂತ ಹುಡುಗಿ ನಂಬಿಕೊಂಡ್ಲು. ನಾನು... ನಾನೂ ಹಾಗೇ ಅಂದ್ಕೊಂಡೆ."

"ಅಂದ್ಕೊಳ್ಳೋದು ಅನುಕೂಲವಾಗಿತ್ತು."

ಕೊಳವೆ ಹಾಕಿದ ರೋಗಿಯ ಬಳಿ ಒಂಟಿಯಾಗಿ ಉಳಿದ ಬೆಕೋ. ಅದೇ ಪಾಠ ಕೇಳಿದ ಬೆಕೋ. ಅದೇ ಗಾಯವನ್ನು ಮೇಜಿನ ಮೇಲೆ ನೋಡಿದ ಬೆಕೋ. ಕೊಯ್ತ ಯಾವುದೆಂದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದು, 'ದ್ವೇಷ' ಎಂದ ಬೆಕೋ. ಮುಖ ಊದಿತ್ತೆಂಬ ಮಾತನ್ನೇ ಎತ್ತದ ಬೆಕೋ.

ಪೊಕುವಾ ಠಾಣೆಗೆ ಫೋನ್ ಮಾಡಿದಳು. ಸಾರ್ಜೆಂಟ್ ಅಲಾಸನ್ ತಕ್ಷಣ ಎತ್ತಿದ. ಏದುಸಿರು ಬಿಡುತ್ತಿದ್ದ.

"ಮೇಡಂ, ನಾನೇ ಮಾಡ್ತಿದ್ದೆ! ಬೇಗ ಬನ್ನಿ!"

"ಅಲಾಸನ್, ಡಾಕ್ಟರ್ ಬೆಕೋ ಬಂದ್ರೆ ಆ ಹುಡುಗಿ ಹತ್ತಿರ ಬಿಡಬೇಡ. ಕೇಳಿಸ್ತಾ?"

"ಅವರು ಬಂದಾಯ್ತು ಮೇಡಂ! ಹುಡುಗಿ ಊಟ ಮುಟ್ಟಿಲ್ಲ, ನೋಡ್ಬೇಕು ಅಂದ್ರು. ನಮ್ಮ ಡಾಕ್ಟ್ರೇ ಅಲ್ವಾ ಅಂತ ಬಿಟ್ಟೆ. ನನ್ನನ್ನ ನೀರು ತರೋಕೆ ಕಳಿಸಿದ್ರು. ಬಂದು ನೋಡಿದ್ರೆ..."

"ಎಸಿನಾಮ್ ಬದುಕಿದ್ದಾಳಾ?"

"ಅವಳು ಚೆನ್ನಾಗಿದ್ದಾಳೆ. ಕಂಬಿ ಹೊರಗೆ ಬಿದ್ದಿರೋದು ಡಾಕ್ಟರು! ಮುಖ ಊದಿ ಕುಂಬಳಕಾಯಿ ಆಗಿದೆ. ತುಟಿ ನೀಲಿ. ಗಂಟಲು ಕಟ್ಟಿ ಗೊರಗೊರ ಅಂತಿದ್ದಾರೆ."

ಬೆಕೋ ಸೀಗಡಿ ಚಟ್ನಿಯ ಡಬ್ಬಿಯನ್ನು ಚಮಚ ಹಾಕಿ ತಿನ್ನುವ ಮನುಷ್ಯ. ಪೊಲೀಸ್ ಕ್ಯಾಂಟೀನಿನಲ್ಲಿ ಅವಳೇ ಕಣ್ಣಾರೆ ಕಂಡಿದ್ದಳು. ಹಾಗಾದರೆ ಪ್ರೊಫೆಸರನ್ನು ಕೆಡವಿದ್ದು ಸೀಗಡಿಯಲ್ಲ. ಬೇರೆ ಏನೋ. ಬೇರೆ ಯಾರೋ.

"ಏನು ತಿಂದರು? ಏನು ಕುಡಿದರು?"

"ಗೊತ್ತಿಲ್ಲ ಮೇಡಂ! ಬಾಯಿಗೆ ಬಾಯಿಟ್ಟು ಊದಿದೆ, ಗಾಳಿ ಒಳಗೆ ಹೋಗ್ತಿಲ್ಲ. ಆಂಬುಲೆನ್ಸು ಮಾರುಕಟ್ಟೆ ಹತ್ತಿರ ಸಿಕ್ಕಿಹಾಕ್ಕೊಂಡಿದೆ. ಆ ಹುಡುಗಿ ಕಂಬಿ ಹಿಡ್ಕೊಂಡು ಕಿರುಚ್ತಿದ್ದಾಳೆ, ಒಂದು ಬ್ಲೇಡು ಕೊಡಿ ಅಂತ. ಇಷ್ಟು ದಿನದಲ್ಲಿ ಮೊದಲ ಮಾತು ಮೇಡಂ. ಬ್ಲೇಡು ಕೊಡಿ, ಬೇಗ ಕೊಡಿ ಅಂತ. ಅವಳು ಕತ್ತು ಕೊಯ್ದವಳು! ಏನು ಮಾಡ್ಲಿ?"

ದನಿ ಸಭಾಂಗಣದ ತುಂಬ ಕೇಳುತ್ತಿತ್ತು. ತುಮಾಸಿ ಕುರ್ಚಿಯಿಂದ ಎದ್ದು ನಿಂತಿದ್ದರು.

"ಕೊಡಬೇಡ ಅನ್ನು," ಎಂದರು. "ಆತ ಸತ್ತರೆ ಆತನೇ ಸಾಯ್ತಾನೆ. ಅವಳ ಕೈಯಲ್ಲಿ ಸತ್ತರೆ ಎರಡನೇ ಕೊಲೆ. ಆಮೇಲೆ ಬ್ಲೇಡು ಕೊಡಿಸಿದ್ದು ನೀನು. ಯೋಚನೆ ಮಾಡು."

ಫೋನಿನಲ್ಲಿ ಗೊರಗೊರ ಸದ್ದು ಸಣ್ಣದಾಗುತ್ತ ಬಂತು.

"ಮೇಡಂ? ಮೇಡಂ, ಇದ್ದೀರಾ? ಕೊಡಲಾ, ಬೇಡ್ವಾ?"

ಪೊಕುವಾ ತುಮಾಸಿಯ ಮುಖವನ್ನೇ ದಿಟ್ಟಿಸಿದಳು.

"ಬೀಗ ತೆಗಿ ಅಲಾಸನ್," ಎಂದಳು. "ಕೊಡು."

ಬೀಗ ತೆರೆದ ಸದ್ದು ಕೇಳಿತು. ಆಮೇಲೆ ಅಲಾಸನ್ ಒಮ್ಮೆ ಚೀರಿದ. ಫೋನ್ ಕಡಿದುಹೋಯಿತು.